ಝಡ್ ಡ್ರೈವ್ ಬಳಸುವ ಮುನ್ನ ದಯವಿಟ್ಟು ಓದಿ

ಆತ್ಮೀಯರೇ,

ತುಮಕೂರು, ಶಿರಾ, ಮಧುಗಿರಿ ಕಡೆಯ ಶಾಸನ, ದೇಗುಲಗಳ ಚಿತ್ರಗಳೆಲ್ಲ ಈಗ ಅಂತರ್ಜಾಲದ ಸಂಗ್ರಹ ಸೇವೆಯಾದ ಅಮೆಜಾನ್ ಎಸ್‌3ರಲ್ಲಿವೆ. ಆರ್‌ಕ್ಲೋನ್ ಎಂಬ ತಂತ್ರಾಂಶದ ಮೂಲಕ ನಿಮ್ಮ ಕಂಪ್ಯೂಟರಿನಲ್ಲಿ ಅದು ಝಡ್ ಡ್ರೈವ್ ಆಗಿ ಕಾಣುತ್ತದೆ. ಕಾಣುವುದಷ್ಟೇ, ಅದು ಹಾರ್ಡ್ ಡಿಸ್ಕ್ ಅಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಫೋಲ್ಡರ್‌ಗಳ ಹೆಸರು ಬದಲಿಸಬೇಡಿ. ಅಲ್ಲಿ ನಿಜವಾದ ಫೋಲ್ಡರ್‌ಗಳೇ ಇಲ್ಲ. ‘ಕೈದಾಳ/ಚೆನ್ನಕೇಶವ/001’ ಎಂಬುದು ಇಡಿಯಾಗಿ ಒಂದು ಚಿತ್ರದ ಒಂದೇ ಹೆಸರು. ‘ಕೈದಾಳ’ವನ್ನು ‘ಗೂಳೂರು ಕೈದಾಳ’ ಎಂದು ಬದಲಿಸಿದರೆ ಒಳಗಿನ ಒಂದೊಂದು ಚಿತ್ರವೂ ಹೊಸ ಹೆಸರಿಗೆ ನಕಲಾಗಿ, ಹಳೆಯದು ಅಳಿಯಬೇಕು. ನಡುವೆ ಕರೆಂಟ್ ಹೋದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ.

ಚಿತ್ರವನ್ನು ಇಳಿಸಿಕೊಂಡೇ ತಿದ್ದಿ. ಒಂದು ಚುಕ್ಕೆ ಬದಲಾದರೂ ಇಡೀ ಕಡತ ಮತ್ತೆ ಏರಬೇಕಾಗುತ್ತದೆ. ಇಬ್ಬರು ಒಂದೇ ಕಡತ ತೆರೆದರೆ ತಡೆಯುವ ಬೀಗವಿಲ್ಲ. ಕೊನೆಗೆ ಉಳಿಸಿದವರದೇ ನಿಲ್ಲುತ್ತದೆ. ಹಳೆಯ ಪ್ರತಿ ಸಿಗಲೆಂದು ವರ್ಷನಿಂಗ್ ಚಾಲೂ ಮಾಡಿದ್ದೇನೆ, ಆದರೆ ಅಂಥ ಪ್ರತಿಯೊಂದಕ್ಕೂ ಬಾಡಿಗೆ ಬೀಳುತ್ತದೆ. ಬೀಗವಿಲ್ಲದ ಕಾರಣ ಶಾಸನಗಳ ಪಟ್ಟಿಯನ್ನು ಗೂಗಲ್ ಶೀಟ್‌ಗೆ ವರ್ಗಾಯಿಸಿದ್ದೇನೆ, ಅಲ್ಲಿಯೇ ತುಂಬಿ.

ಹೊಸ ಚಿತ್ರ ಹಾಕಿದ ಕೂಡಲೇ ಲ್ಯಾಪ್‌ಟಾಪ್ ಮುಚ್ಚಬೇಡಿ. ನಕಲು ಮುಗಿಯಿತೆಂದು ತೋರಿದರೂ ಅದು ಇನ್ನೂ ನಿಮ್ಮಲ್ಲೇ ಇದ್ದು, ಹಿನ್ನೆಲೆಯಲ್ಲಿ ಏರುತ್ತಿರುತ್ತದೆ. ಎಲ್ಲವೂ ಏರಿವೆ ಎಂದು ನಾನು ಇಲ್ಲಿ ತಿಳಿಸುವವರೆಗೆ ಕ್ಯಾಮೆರಾ ಕಾರ್ಡ್ ಅಳಿಸಬೇಡಿ.