ಇನಾರಿಯಲ್ಲಿ ಹೇಳದೆ ಉಳಿದ ಮಾತು

ಗೆಳೆಯಾ,

ಬ್ರಹ್ಮಾವರಕ್ಕೆ ಚಳಿ ಬಂದಿದೆ. ಫಿನ್ಲೆಂಡಿನ ಬಡಗು ತುದಿಯ ಇನಾರಿಯಲ್ಲಿ, ಮೈನಸ್ 30ರಲ್ಲಿ ಕೂತಿರುವ ನಿನಗೆ 21 ಡಿಗ್ರಿ ಚಳಿಯೆಂದು ಅನ್ನಿಸಲಿಕ್ಕಿಲ್ಲ. ಆದರೂ ಬೆಳಗಿನ ಜಾವ ಬಾವಿಯ ಹಗ್ಗ ಇಬ್ಬನಿಗೆ ತಣ್ಣಗಿರುತ್ತದೆ, ಕೊಯ್ಲು ಮುಗಿದ ಗದ್ದೆಯಲ್ಲಿ ಉದ್ದಿನ ಸಸಿ ಎದ್ದಿದೆ, ನಡುರಾತ್ರಿ ಎಚ್ಚರವಾದರೆ ಎಲ್ಲೋ ದೂರದ ಬಯಲಿನಿಂದ ಮೇಳದ ಚೆಂಡೆ ಕೇಳುತ್ತದೆ. ನಾನು ನಿನಗೆ ಕೊಡಬೇಕಾದ ಏಳೂವರೆ ರೂಪಾಯಿ ಭದ್ರವಾಗಿದೆ. ಬಡ್ಡಿ ಕೇಳಬೇಡ.

ಇಲ್ಲಿ ನಿಮ್ಮ ಮನೆಯ ಹಿತ್ತಿಲಿನ ದಾಸವಾಳದ ಬೇಲಿಯಿಂದ ಅಕ್ಟೋಬರಿನಿಂದಲೂ ಒಂದು ಸದ್ದು ಬರುತ್ತಿತ್ತು. ಚಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಚಕ್. ನಾಲಿಗೆಯನ್ನು ಅಂಗುಳಿಗೆ ಒತ್ತಿ ಬಿಟ್ಟ ಹಾಗೆ. ಈ ಸದ್ದು ಪ್ರತಿ ಚಳಿಗಾಲವೂ ಇದ್ದಿರಬೇಕು, ನಾನು ಗಮನಿಸಿದವನಲ್ಲ. ನಿನ್ನ ಜೊತೆ ಹಿಮದಲ್ಲಿ ತಿರುಗಿ ಬಂದ ಮೇಲೆ ಸುಮ್ಮನೆ ಕಾಯುವುದನ್ನು ಕಲಿತಿದ್ದೇನೆ. ಮೂರು ಭಾನುವಾರ ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಮೂರನೆಯ ಭಾನುವಾರ ಕಂಡಿತು. ಒಣಗಿದ ಎಲೆಯ ಬಣ್ಣದ ಪುಟ್ಟ ಹಕ್ಕಿ, ಕಣ್ಣಿನ ಮೇಲೆ ಮಸುಕಾದ ಒಂದು ಗೆರೆ, ಉದ್ದನೆಯ ಕೊಕ್ಕು. ಎಲೆಯ ಅಡಿಯಿಂದ ಹುಳವೊಂದನ್ನು ಎಳೆದುಕೊಂಡು ಒಳಗೆ ನುಸುಳಿತು.

ಅದು ಬ್ಲೈತ್ಸ್ ರೀಡ್ ವಾರ್ಬ್ಲರ್, ಉಲಿಯಕ್ಕಿಗಳಲ್ಲೊಂದು. ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ 1849ರಲ್ಲಿ ಇದನ್ನು ವಿವರಿಸಿದರು. ತೂಕ ಹನ್ನೆರಡು ಗ್ರಾಂ ಆಸುಪಾಸು. ಇದು ಮರಿ ಮಾಡುವುದು ಎಲ್ಲಿ ಗೊತ್ತೇ? ನಿನ್ನ ಫಿನ್ಲೆಂಡಿನಿಂದ ಹಿಡಿದು ಸೈಬೀರಿಯದವರೆಗೆ. ನಿನ್ನ ಇನಾರಿಯಷ್ಟು ಮೇಲಲ್ಲ, ದೇಶದ ತೆಂಕು ಭಾಗದಲ್ಲಿ. ಅಲ್ಲಿ ಬೇಸಿಗೆಯ ರಾತ್ರಿಗಳಲ್ಲಿ ಬೇರೆ ಹಕ್ಕಿಗಳ ದನಿಗಳನ್ನೆಲ್ಲ ಹೆಣೆದು ಹಾಡುವ ಹಕ್ಕಿ, ಇಲ್ಲಿ ಚಳಿಗಾಲವಿಡೀ ಒಂದೇ ಅಕ್ಷರದಲ್ಲಿ ಕಳೆಯುತ್ತದೆ. ಹೆದರಬೇಡ, ಈ ಹಕ್ಕಿಯನ್ನು ನೆಪ ಮಾಡಿಕೊಂಡು ನಿನಗೆ ಪಾಠ ಹೇಳುವುದಿಲ್ಲ. ನಾನು ಹೇಳಬೇಕಾದದ್ದು ಇನ್ನೊಂದು ಹಕ್ಕಿಯ ವಿಷಯ.

ಜನವರಿಯ ಮೊದಲ ವಾರ ನಿನ್ನ ಮನೆಯಲ್ಲಿದ್ದ ಆರು ದಿನವೂ ಸೂರ್ಯ ಹುಟ್ಟಲಿಲ್ಲ. ಮಧ್ಯಾಹ್ನ ಒಂದೆರಡು ಗಂಟೆ ಹಿಮವೆಲ್ಲ ನೀಲಿ ಅದ್ದಿದ ಹಾಗಾಗುತ್ತಿತ್ತು. ಆ ಬೆಳಕಿನಲ್ಲಿ ಹಿಮಸಾರಂಗಗಳು ನಮ್ಮ ಪಕ್ಕದಲ್ಲೇ ಹಾದು ಹೋದವು, ನಡೆದಂತೆಲ್ಲ ಕಾಲಿನಿಂದ ಟಿಕ್ ಟಿಕ್ ಎಂಬ ಸದ್ದು. ಪಾದದ ಎಲುಬಿನ ಮೇಲೆ ಸ್ನಾಯುರಜ್ಜು ಜಾರುವ ಸದ್ದು ಅದು ಎಂದೆ ನೀನು. ಬೇಸಿಗೆಯಲ್ಲಿ ಹೊಂಬಣ್ಣಕ್ಕೆ ಹೊಳೆಯುವ ಅವುಗಳ ಕಣ್ಣಿನ ಒಳಪದರ ಈ ಕತ್ತಲೆಗೆಂದೇ ನೀಲಿಯಾಗುತ್ತದೆ ಎಂದೂ ಹೇಳಿದೆ. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಅಷ್ಟು ಸಂತೋಷ ನನಗೆ ಬಹಳ ವರ್ಷಗಳಿಂದ ಆಗಿರಲಿಲ್ಲ.

ನಾಲ್ಕನೆಯ ದಿನ ನೀನು ಪೈನ್ ಮರದ ಕೆಳಗೆ ನಿಂತು ಅಂಗೈ ಚಾಚಿದೆ. ಕೂಕ್ಕೆಲಿ ಬಂತು, ನಿನ್ನ ಕಾಡಿನ ಸೈಬೀರಿಯನ್ ಜೇ ಹಕ್ಕಿ. ಬೂದು ಮೈ, ತುಕ್ಕಿನ ಬಣ್ಣದ ಬಾಲ, ನೂರು ಗ್ರಾಂ ಕೂಡ ತೂಗದ ಜೀವ. ನನ್ನ ಗವಸಿನ ಮೇಲೂ ಕೂತಿತು; ಅದರ ಉಗುರುಗಳ ಹಿಡಿತ ಉಣ್ಣೆಯ ಮೂಲಕವೂ ತಿಳಿಯುತ್ತಿತ್ತು. ಕೊಬ್ಬಿನ ತುಣುಕನ್ನು ಕಚ್ಚಿಕೊಂಡು ಹೋಗಿ ಮರದ ತೊಗಟೆಯ ಸಂದಿಗೆ ಎಂಜಲಿನಿಂದ ಅಂಟಿಸಿ ಬಂತು, ಮತ್ತೆ ಬಂತು. ಆಗ ನೀನು ಹೇಳಿದ್ದು: ಈ ಹಕ್ಕಿಯ ಮರಿಗಳಲ್ಲಿ ಬಲವಿದ್ದದ್ದು ಉಳಿದವನ್ನು ಬೆನ್ನಟ್ಟಿ ಓಡಿಸುತ್ತದೆ, ತಾನು ಅಪ್ಪ ಅಮ್ಮನ ಜೊತೆ ಉಳಿಯುತ್ತದೆ, ವರ್ಷಗಟ್ಟಲೆ ಅವರ ಆಸರೆಯಲ್ಲಿ ತಿನ್ನುತ್ತದೆ. ಓಡಿಸಿಕೊಂಡದ್ದು ಬೇರೆಯವರ ಕಾಡಿಗೆ ಹೋಗಿ ಸೇರುತ್ತದೆ. ನೀನು ಸಹಜವಾಗಿಯೇ ಹೇಳಿದೆ. ನನಗೆ ಮಾತ್ರ ಎದೆಯೊಳಗೆ ಏನೋ ಚುಚ್ಚಿತು. ಏನೆಂದು ತಿಳಿದದ್ದು ಈ ತಿಂಗಳು, ಆ ಕಲ್ಲಿನ ಮೇಲೆ ಕೂತಿದ್ದಾಗ.

ನನ್ನನ್ನು ಕಳುಹಿಸುವಾಗ ನಿನ್ನ ಅಮ್ಮ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿಯ ಜೊತೆ ಒಂದು ಮಾತನ್ನೂ ಕೊಟ್ಟಿದ್ದರು. ಹಪ್ಪಳ ಕೊಟ್ಟೆ, ಉಪ್ಪಿನಕಾಯಿ ಕೊಟ್ಟೆ, ಮಾತನ್ನು ಕೊಡಲಿಲ್ಲ. ಅಲ್ಲಿ ನೀನು ಇಷ್ಟು ನೆಮ್ಮದಿಯಾಗಿರುವಾಗ ಯಾಕೆ ಕದಡಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ನನ್ನ ಅಮ್ಮ ಹೋದ ಮೇಲೆ ಪ್ರತಿ ಶನಿವಾರ ರಾತ್ರಿ ನಿಮ್ಮ ಮನೆಯಲ್ಲೇ ನನ್ನ ಊಟ, ಅಲ್ಲೇ ಮಲಗುವುದು. ಗುಳ್ಳದ ಬೋಳುಹುಳಿಯನ್ನು ಎರಡನೆಯ ಸಲ ಬಡಿಸುವಾಗ ಅವರು ಒಮ್ಮೊಮ್ಮೆ ನಿನ್ನ ಹೆಸರಿನಿಂದ ನನ್ನನ್ನು ಕರೆಯುತ್ತಾರೆ. ನಾನು ತಿದ್ದುವುದಿಲ್ಲ. ನೀನು ಬಂದರೆ ಆ ಜಾಗ ನಿನ್ನದಾಗುತ್ತದೆ ಎಂದು ಹೆದರಿದೆ. ವಾಪಸ್ಸು ಬಂದು ಅವರಿಗೆ "ಹೇಳಿದ್ದೇನೆ, ಬರುತ್ತಾನಂತೆ" ಎಂದೆ. ಒಂದು ವರ್ಷದಿಂದ ಅವರು ಅದನ್ನು ನಂಬಿಕೊಂಡಿದ್ದಾರೆ.

ನಿನಗೊಬ್ಬನಿಗೇ ಬರೆದರೆ ಈ ಸಲವೂ ನುಂಗಿಕೊಂಡೇನು ಎಂದು ಎಲ್ಲರೂ ಓದುವ ಕಡೆ ಹಾಕುತ್ತಿದ್ದೇನೆ. ಅವರ ಮಾತು ಅವರದೇ ರೀತಿಯಲ್ಲಿ: "ಇಲ್ಲೇ ಇರು ಎಂದು ನಾನು ಹೇಳುವುದಿಲ್ಲ. ಒಂದು ಸಲ ಬಂದು ನಾಲ್ಕು ದಿನ ಉಂಡು ಹೋಗಲಿ. ಮೊಬೈಲಿನಲ್ಲಿ ಮುಖ ಕಾಣುತ್ತದೆ, ಉಣ್ಣುವುದು ಕಾಣುವುದಿಲ್ಲ."

ಇಷ್ಟೆಲ್ಲ ಬರೆಯಬೇಕೆಂದು ಕೂತವನಲ್ಲ, ಹಕ್ಕಿಯ ಸುದ್ದಿ ಹೇಳಿ ಮುಗಿಸುವ ಮನಸ್ಸಿತ್ತು. ಸರಿ, ಅದಕ್ಕೇ ಬರುತ್ತೇನೆ. ನಿನ್ನ ಕೂಕ್ಕೆಲಿಗೆ ನನ್ನ ನೆನಪು ಹೇಳು. ಹಪ್ಪಳದ ಚೂರು ಹಾಕಬೇಡ, ಉಪ್ಪು ಜಾಸ್ತಿ. ಬೇಲಿಯ ಹಕ್ಕಿ ಏಪ್ರಿಲ್ ತನಕ ಇಲ್ಲೇ ಇರುತ್ತದೆ. ಒಗೆಯುವ ಕಲ್ಲು ಅಗಲವಾಗಿದೆ, ಇಬ್ಬರು ಕೂರಬಹುದು. ಏಳೂವರೆ ರೂಪಾಯಿ ಆಗಲೇ ಕೈಗೆ ಕೊಡುತ್ತೇನೆ.

ನಿನ್ನವನು