ಗುಲಾಬಿ ಸವರುವ ಕೆಲಸ ಈ ವರ್ಷ ನವೆಂಬರಿಗೆ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಪ್ರತಿ ವರ್ಷ ಆಯುಧಪೂಜೆ ಮುಗಿದ ವಾರವೇ ನಮ್ಮ ಹುಡುಗರು ಕತ್ತರಿ ಹಿಡಿದು ನಿಮ್ಮ ಮನೆಗೆ ಬರುತ್ತಿದ್ದರು. ಈ ಸಲ ಹಾಗೆ ಬರುವುದಿಲ್ಲ. ಚಿಕ್ಕಮಗಳೂರು ಪೇಟೆ, ಆಲ್ದೂರು, ಮೂಡಿಗೆರೆ ಕಡೆ ಗುಲಾಬಿ ಸವರುವುದನ್ನು ನವೆಂಬರ್ 5ರ ನಂತರ ಶುರು ಮಾಡುತ್ತೇವೆ. ಕಡೂರು, ಬೀರೂರು ಕಡೆ ಮಳೆ ಕಡಿಮೆ. ಅಲ್ಲಿಗೆ ಅಕ್ಟೋಬರ್ 20ರಿಂದ ಬರುತ್ತೇವೆ.

ಕಾರಣ ಹೇಳಬೇಕು. ಹೋದ ವರ್ಷ ಹಬ್ಬ ಮುಗಿದರೂ ಮಳೆ ಬಿಡಲಿಲ್ಲ. ದಿನ ಕೊಟ್ಟಾಗಿದೆ ಅಂತ ನಾವು ಒದ್ದೆ ಗಿಡಗಳನ್ನೇ ಸವರಿದೆವು. ಕೆಲವೇ ವಾರಗಳಲ್ಲಿ ಕತ್ತರಿಸಿದ ತುದಿ ಕಪ್ಪಾಯಿತು. ಆ ಕಪ್ಪು ಕೆಳಕ್ಕೆ ಇಳಿದು ಕೊಂಬೆಗೆ ಕೊಂಬೆಯೇ ಒಣಗಿತು. ಎಷ್ಟೋ ವರ್ಷ ಸಾಕಿದ ಗಿಡ ಕಳೆದುಕೊಂಡವರೂ ನಿಮ್ಮಲ್ಲಿದ್ದೀರಿ. ಅದು ನಮ್ಮ ತಪ್ಪು, ಕ್ಷಮಿಸಿ. ಹಾಗೆ ಹೋದ ಗಿಡಗಳ ಬದಲು ಹೊಸ ಗಿಡ ನಾವೇ ತಂದು ನೆಟ್ಟು ಕೊಡುತ್ತೇವೆ. ಅದಕ್ಕೆ ದುಡ್ಡಿಲ್ಲ.

ಈ ಒಣಗು ರೋಗ ಬರುವುದು ಶಿಲೀಂಧ್ರದಿಂದ. ಕತ್ತರಿಸಿದ ಗಾಯದಿಂದಲೇ ಅದು ಒಳಗೆ ಹೋಗುತ್ತದೆ, ಒದ್ದೆ ಇದ್ದರೆ ಇನ್ನೂ ಸುಲಭ. ನಾಲ್ಕೈದು ದಿನ ಒಳ್ಳೆ ಬಿಸಿಲು ಬಿದ್ದ ಮೇಲೆ ಸವರಿದರೆ ಗಾಯ ಬೇಗ ಒಣಗುತ್ತದೆ. ಅದರ ಮೇಲೆ ಅದೇ ದಿನ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಪೇಸ್ಟ್ ಹಚ್ಚುತ್ತೇವೆ. ಕಾಫಿ, ಅಡಿಕೆ ತೋಟದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವ ಮೊದಲು ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಬೇಕು ಅಂತಲೂ ಹುಡುಗರಿಗೆ ಹೇಳಿದ್ದೇವೆ. ಯಾರಾದರೂ ಮರೆತರೆ ದಯವಿಟ್ಟು ನೆನಪಿಸಿ.

ಫೆಬ್ರವರಿ, ಮಾರ್ಚ್‌ನಲ್ಲಿ ಅಲ್ವಾ ಸವರಬೇಕಾದ್ದು ಅಂತ ಕೆಲವರು ಮೊಬೈಲಿನಲ್ಲಿ ವಿಡಿಯೋ ನೋಡಿ ಕೇಳಿದ್ದೀರಿ. ಅದು ಇಂಗ್ಲೆಂಡಿನಂಥ ಚಳಿ ದೇಶದ ಲೆಕ್ಕ. ಅಲ್ಲಿ ಚಳಿಗಾಲಕ್ಕೆ ಮೊದಲೇ ಪೂರ್ತಿ ಸವರಿದರೆ ಎಳೆ ಚಿಗುರು ಹೊರಟು ಹಿಮಕ್ಕೆ ಸಾಯುತ್ತದೆ. ಅದಕ್ಕೇ ಚಳಿ ಮುಗಿಯುವವರೆಗೆ ಕಾಯುತ್ತಾರೆ. ನಮ್ಮ ಊರಿನ ಇಬ್ಬನಿಗೆ ಚಿಗುರು ಸಾಯುವುದಿಲ್ಲ. ನಾವು ಮಳೆ ಮುಗಿಯುವವರೆಗೆ ಕಾದರೆ ಸಾಕು.

ಸವರಿದ ಮೇಲೆ ಹೂ ಬಿಡಲು ಸುಮಾರು 45ರಿಂದ 50 ದಿನ ಬೇಕು. ಹಾಗಾಗಿ ನವೆಂಬರಿನಲ್ಲಿ ಸವರುವ ಕಡೆ ಕ್ರಿಸ್‌ಮಸ್ಸಿಗೆ ಹೂ ಕೇಳಿದ್ದವರಿಗೆ ಈ ಸಲ ಬೇಸರವಾಗಬಹುದು. ಹೊಸ ವರ್ಷದಿಂದ ಸಂಕ್ರಾಂತಿಯ ಹೊತ್ತಿಗೆ ಹೂ ನೋಡುತ್ತೀರಿ.

ನಾವು ಬರುವವರೆಗೆ ನೀವು ಕತ್ತರಿ ಹಾಕಬೇಡಿ. ಬಾಡಿದ ಹೂ ತೆಗೆಯಿರಿ. ಕಪ್ಪು ಚುಕ್ಕೆ ಬಿದ್ದ ಎಲೆಗಳನ್ನು ಆರಿಸಿ ದೂರ ಹಾಕಿ, ಬುಡದಲ್ಲಿ ಮಾತ್ರ ಬಿಡಬೇಡಿ. ಕಸಿ ಗಂಟಿನ, ಅಂದರೆ ಕಸಿ ಕಟ್ಟಿದ ಜಾಗದ, ಕೆಳಗಿಂದ ಜೋರಾಗಿ ಏಳುವ ಚಿಗುರು ನಿಮ್ಮ ಗುಲಾಬಿಯದ್ದಲ್ಲ, ಕೆಳಗಿನ ಬೇರು ಗಿಡದ್ದು. ಅದನ್ನು ಎಳೆಯದಾಗಿರುವಾಗಲೇ ಕಿತ್ತುಬಿಡಿ.

ದೊಡ್ಡ ಹೂವಿನ ಕಸಿ ಗಿಡಗಳನ್ನು ಒಂದೂವರೆಯಿಂದ ಎರಡು ಅಡಿಗೆ ಇಳಿಸುತ್ತೇವೆ. ಹೊರಗೆ ಮುಖ ಮಾಡಿದ, ಚಿಗುರು ಹೊರಡುವ ಕಣ್ಣಿನ ಮೇಲೆ ಕಾಲು ಇಂಚು ಬಿಟ್ಟು ಓರೆಯಾಗಿ ಕತ್ತರಿಸುತ್ತೇವೆ. ನಾಟಿ ಗುಲಾಬಿಯನ್ನು ಹಗುರವಾಗಿ ಸವರಿದರೆ ಸಾಕು. ಬಳ್ಳಿ ಗುಲಾಬಿಯಲ್ಲಿ ಒಣಗಿದ್ದು, ತೀರಾ ಹಳೆಯದು ಮಾತ್ರ ತೆಗೆಯುತ್ತೇವೆ.

ನವೆಂಬರ್ ಕೊನೆಗೆ ಅರೇಬಿಕಾ ಕಾಫಿ ಕೊಯ್ಲು ಜೋರಾಗುತ್ತದೆ, ಆಮೇಲೆ ಆಳು ಸಿಗುವುದಿಲ್ಲ. ಆದ್ದರಿಂದ ಅಕ್ಟೋಬರ್ 15ರೊಳಗೆ ಹೆಸರು ಹೇಳಿ. ಕೂಲಿ ಹೋದ ವರ್ಷದ್ದೇ. ಬರುವ ಹಿಂದಿನ ಸಂಜೆ ಫೋನ್ ಮಾಡುತ್ತೇವೆ. ಬೆಳಿಗ್ಗೆ ಮಳೆ ಹನಿದರೆ ಅವತ್ತು ಬರುವುದಿಲ್ಲ, ಬಿಸಿಲು ಬಿದ್ದ ಮೇಲೆ ಬೇರೆ ದಿನ ಹೇಳುತ್ತೇವೆ.

ಇಂತಿ,
ನಿಮ್ಮ ನರ್ಸರಿಯವರು
ಚಿಕ್ಕಮಗಳೂರು