ಮಕ್ಕಳಿಗೆ ಸೈಕಲ್ ಕೊಟ್ಟೆವು, ಒಂದು ಬೆಳಗ್ಗೆಯಾದರೂ ರಸ್ತೆ ಕೊಡೋಣ

ಮಾನ್ಯ ಸಂಪಾದಕರೇ, ನಮಸ್ಕಾರ.

ನ್ಯೂಯಾರ್ಕ್‌ನಲ್ಲಿ ಪ್ರತಿ ವರ್ಷ ಮೇ ತಿಂಗಳ ಮೊದಲ ಭಾನುವಾರ ಸುಮಾರು 32,000 ಜನ ಒಟ್ಟಿಗೆ ಸೈಕಲ್ ಹತ್ತುತ್ತಾರೆ. ಫೈವ್ ಬರೋ ಬೈಕ್ ಟೂರ್ ಅಂತ ಇದರ ಹೆಸರು. ಮ್ಯಾನ್‌ಹಟನ್, ಬ್ರಾಂಕ್ಸ್, ಕ್ವೀನ್ಸ್, ಬ್ರೂಕ್ಲಿನ್, ಸ್ಟೇಟನ್ ಐಲ್ಯಾಂಡ್, ಹೀಗೆ ನಗರದ ಐದೂ ಭಾಗ ಮುಟ್ಟಿಕೊಂಡು ಹೋಗುವ 40 ಮೈಲಿ ದಾರಿ, ನಮ್ಮ ಲೆಕ್ಕದಲ್ಲಿ 64 ಕಿಲೋಮೀಟರ್. ಅಷ್ಟು ದೂರವೂ ರಸ್ತೆಯಲ್ಲಿ ಬೇರೆ ವಾಹನ ಬಿಡುವುದಿಲ್ಲ. ನಾನು ಬಾಗಲಕೋಟೆ ಜಿಲ್ಲೆಯವಳು, ಈಗ ಪಕ್ಕದ ನ್ಯೂಜೆರ್ಸಿಯಲ್ಲಿದ್ದೇನೆ, ಈ ಸವಾರಿಯಲ್ಲಿ ಪಾಲ್ಗೊಂಡಿದ್ದೇನೆ. ಅದರ ಬಗ್ಗೆ ನಮ್ಮ ಕಡೆಯವರಿಗೆ ಹೇಳಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು. ಫೋಟೋ ನೋಡಿದವರೆಲ್ಲ "ಅಮೆರಿಕದವರು ಬಿಡಿ, ಅವರ ಹತ್ರ ದುಡ್ಡಿದೆ, ರಸ್ತೆ ಇದೆ" ಅಂತ ಹೇಳಿ ಮುಗಿಸಿಬಿಡುತ್ತಾರೆ. ಇದು ಹುಟ್ಟಿದ್ದು ದುಡ್ಡಿನಿಂದಲ್ಲ. ಹೈಸ್ಕೂಲ್ ಮಕ್ಕಳಿಗೆ ಸೈಕಲ್ ಪಾಠ ಹೇಳಿಕೊಡಲು ಹೋಗಿ ಹುಟ್ಟಿದ್ದು ಇದು. ಅದಕ್ಕೇ ಈ ಪತ್ರ.

1977ರಲ್ಲಿ ಅಲ್ಲಿನ ಯೂತ್ ಹಾಸ್ಟೆಲ್ ಸಂಸ್ಥೆ ಮತ್ತು ನಗರದ ಶಿಕ್ಷಣ ಮಂಡಳಿ ಸೇರಿ ಹೈಸ್ಕೂಲ್ ಮಕ್ಕಳಿಗೆ ಸುರಕ್ಷಿತವಾಗಿ ಸೈಕಲ್ ಓಡಿಸುವುದನ್ನು ಕಲಿಸುತ್ತಿದ್ದವು. ಕಲಿತದ್ದನ್ನು ನಿಜವಾದ ರಸ್ತೆಯಲ್ಲಿ ಮಾಡಿ ತೋರಿಸಲಿ ಅಂತ ಜೂನ್ 12ರಂದು ಐದೂ ಭಾಗ ಸುತ್ತುವ 50 ಮೈಲಿಯ ಒಂದು ಸವಾರಿ ಇಟ್ಟರು. ಬಂದವರು ಸುಮಾರು 250 ಜನ ಮಾತ್ರ, ಮಕ್ಕಳ ಜೊತೆಗೆ ಊರಿನ ಸೈಕಲ್ ಕ್ಲಬ್‌ನವರು. ಆಗಿನ ನ್ಯೂಯಾರ್ಕ್ ಸ್ಥಿತಿ ಏನಾಗಿತ್ತು ಗೊತ್ತಲ್ವಾ? 1975ರಲ್ಲಿ ದಿವಾಳಿಯ ಅಂಚಿಗೆ ಹೋಗಿ ಬಂದ ನಗರ ಅದು. ಸವಾರಿ ಆದ ಮರುತಿಂಗಳೇ, 1977ರ ಜುಲೈನಲ್ಲಿ, ಕರೆಂಟ್ ಹೋಗಿ ಹೆಚ್ಚುಕಡಿಮೆ ಇಡೀ ಊರು ಕತ್ತಲಾಗಿ ಅಂಗಡಿಗಳು ಲೂಟಿಯಾದವು. ಅಂಥ ವರ್ಷದಲ್ಲಿ ಶುರು ಮಾಡಿದ್ದು, ಇವತ್ತಿಗೂ ನಡೀತಿದೆ. 2020ರಲ್ಲಿ ಕೋವಿಡ್‌ನಿಂದ ನಿಂತಿತು, 2021ರಲ್ಲಿ ಮೇ ಬದಲು ಆಗಸ್ಟ್‌ನಲ್ಲಿ ಮಾಡಿದರು.

ಸವಾರಿ ಹೇಗಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಇದು ರೇಸ್ ಅಲ್ಲ. ಮೊದಲು ಬಂದವರಿಗೆ ಕಪ್ ಇಲ್ಲ, ಕೊನೆಗೆ ಬಂದವರಿಗೆ ಅವಮಾನ ಇಲ್ಲ. ಮ್ಯಾನ್‌ಹಟನ್‌ನ ದಕ್ಷಿಣದ ತುದಿಯಲ್ಲಿ ಬೆಳಗ್ಗೆ ಎಲ್ಲರನ್ನೂ ಗುಂಪು ಗುಂಪಾಗಿ ನಿಲ್ಲಿಸಿ, ಒಂದು ಗುಂಪು ಹೋಗಿ ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದನ್ನು ಬಿಡುತ್ತಾರೆ. ಹೆಲ್ಮೆಟ್ ಕಡ್ಡಾಯ. ಬೆನ್ನಿಗೆ ಬ್ಯಾಗ್ ಹಾಕುವಂತಿಲ್ಲ, 2013ರಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸ್ಫೋಟ ಆದ ಮೇಲೆ ಬಂದ ನಿಯಮ ಇದು. ಲಕ್ಷಾಂತರ ರೂಪಾಯಿಯ ಕಾರ್ಬನ್ ಸೈಕಲ್‌ನವರು ಇರುತ್ತಾರೆ, ಮಗುವನ್ನು ಹಿಂದಿನ ಸೀಟಿನಲ್ಲಿ ಕಟ್ಟಿಕೊಂಡ ಅಪ್ಪ ಇರುತ್ತಾನೆ, ತುಕ್ಕು ಹಿಡಿದ ಹಳೇ ಸೈಕಲ್‌ಗೆ ಎಣ್ಣೆ ಬಿಟ್ಟುಕೊಂಡು ಬಂದ ಅಜ್ಜ ಇರುತ್ತಾರೆ. ಬನಶಂಕರಿ ಜಾತ್ರೆಗೆ ಹೊರಟ ಚಕ್ಕಡಿಗಳ ಹಾಗೆ, ಯಾರಿಗೂ ಅವಸರವಿಲ್ಲದೆ, ಒಬ್ಬರನ್ನೊಬ್ಬರು ಮಾತಾಡಿಸುತ್ತಾ ಸಾಲು ಸಾಗುತ್ತದೆ.

ಸಿಕ್ಸ್ತ್ ಅವೆನ್ಯೂ ಮೇಲೆ ಉತ್ತರಕ್ಕೆ ಹೋಗಿ, ಸೆಂಟ್ರಲ್ ಪಾರ್ಕ್ ಒಳಗೆ ಹಾದು, ಹಾರ್ಲೆಮ್ ದಾಟಿ, ಬ್ರಾಂಕ್ಸ್‌ಗೆ ಸುಮ್ನೆ ಕಾಲಿಟ್ಟ ಹಾಗೆ ಮಾಡಿ ವಾಪಸ್ ಬರುತ್ತೇವೆ. ಆಮೇಲೆ ಈಸ್ಟ್ ರಿವರ್ ದಂಡೆಯ ಎಫ್‌ಡಿಆರ್ ಡ್ರೈವ್. ಉಳಿದ ದಿನ ಸೈಕಲ್‌ನವರು ಆ ಹೆದ್ದಾರಿಗೆ ಚಕ್ರ ತಾಗಿಸುವಂತೆಯೇ ಇಲ್ಲ. ಅವತ್ತು ಅದರ ತುಂಬ ಸೈಕಲ್‌ಗಳೇ. ಕಾರುಗಳಿಗೆ ಹಾಕಿದ ದೊಡ್ಡ ಹಸಿರು ಬೋರ್ಡುಗಳು ತಲೆಮೇಲೆ ಹಾಗೇ ಇರುತ್ತವೆ, ಕೆಳಗೆ ಚೈನುಗಳ ಸರಸರ ಸದ್ದು, ಬೆಲ್ಲು, ಜನರ ಮಾತು. ಸೇತುವೆಗಳ ಕೆಳಗೆ ಹೋದಾಗ ಎಲ್ಲರೂ ಒಮ್ಮೆಲೇ ಕೂಗು ಹಾಕುತ್ತಾರೆ, ಪ್ರತಿಧ್ವನಿ ಕೇಳೋಕೆ. ನಡುವಯಸ್ಸಿನವರೂ ಕೂಗುತ್ತಾರೆ. ನಾನೂ ಕೂಗಿದ್ದೇನೆ.

ಕ್ವೀನ್ಸ್‌ಬರೋ ಸೇತುವೆಯ ಏರಿನಲ್ಲಿ ಮಾತ್ರ ಎಲ್ಲರ ಬಾಯಿ ಬಂದ್. ನೋಡಲು ದೊಡ್ಡ ಏರು ಅನ್ನಿಸುವುದಿಲ್ಲ, ಹತ್ತಲು ಹೋದಾಗ ಮುಗಿಯುವುದೇ ಇಲ್ಲ. ಈ ಸವಾರಿಯ ನಿಜವಾದ ಕಷ್ಟ ಇಂಥ ಜಾಗದಲ್ಲಿ ಕಾಣುತ್ತದೆ. ದೂರ ಅಲ್ಲ, ಗುಂಪು ಕಷ್ಟ. ಮುಂದಿನವರು ಗಿಯರ್ ಬದಲಿಸಲು ಹೋಗಿ ಚೈನ್ ಬೀಳಿಸಿಕೊಂಡು ಗಕ್ಕನೆ ನಿಂತರೆ ಹಿಂದಿನ ಹತ್ತು ಜನ ಅವರ ಮೇಲೆ ಬೀಳುತ್ತಾರೆ. ನಮ್ಮ ಗುಂಪಿನಲ್ಲಿ ಹೀಗೆಯೇ ಒಬ್ಬಾಕೆಯ ಚೈನ್ ಬಿತ್ತು. ಆಕೆ ನಿಲ್ಲಲಿಲ್ಲ. ಕೈ ಮೇಲೆತ್ತಿ "ಸ್ಟಾಪಿಂಗ್" ಅಂತ ಕೂಗಿದರು, ಹಿಂದಿದ್ದವರು ಅದನ್ನೇ ಮತ್ತೆ ಹಿಂದಕ್ಕೆ ಕೂಗಿದರು, ಆಕೆ ಮೆಲ್ಲಗೆ ಬಲಗಡೆಗೆ ಸರಿದು ಕಂಬಿಗೆ ಒರಗಿ ಇಳಿದ ಮೇಲೆ ಒಬ್ಬ ಸ್ವಯಂಸೇವಕ ಬಂದು ಬೆರಳಿಗೆ ಗ್ರೀಸ್ ಮೆತ್ತಿಕೊಂಡೇ ಚೈನ್ ಏರಿಸಿ ಕೊಟ್ಟ. ಒಬ್ಬರಿಗೂ ಏನೂ ಆಗಲಿಲ್ಲ. ಕೈ ತೋರಿಸದೆ ತಿರುಗಬಾರದು, ಹಿಂದೆ ನೋಡದೆ ಸರಿಯಬಾರದು, ದಾಟುವಾಗ "ನಿಮ್ಮ ಎಡಕ್ಕಿದ್ದೇನೆ" ಅಂತ ಹೇಳಬೇಕು, ಗಕ್ಕನೆ ಬ್ರೇಕ್ ಹಿಡಿಯಬಾರದು. ಇಷ್ಟೇ. ಆದರೆ ಇದನ್ನು ಯಾರಾದರೂ ಕಲಿಸಬೇಕು, ತಾನಾಗಿ ಬರುವುದಿಲ್ಲ.

ಕ್ವೀನ್ಸ್‌ನ ಅಸ್ಟೋರಿಯಾ ಪಾರ್ಕ್‌ನಲ್ಲಿ ಬಾಳೆಹಣ್ಣು, ನೀರು, ಪಂಕ್ಚರ್ ರಿಪೇರಿ. ಅಲ್ಲಿಂದ ಪುಲಾಸ್ಕಿ ಸೇತುವೆ ದಾಟಿ ಬ್ರೂಕ್ಲಿನ್, ಮತ್ತೆ ಹೆದ್ದಾರಿ. ಕೊನೆಗೆ ವೆರಾಝಾನೋ ಸೇತುವೆ. 1964ರಲ್ಲಿ ಕಟ್ಟಿದ್ದು, ಎರಡು ಗೋಪುರಗಳ ನಡುವೆಯೇ 1,298 ಮೀಟರ್, 1981ರವರೆಗೆ ಜಗತ್ತಿನಲ್ಲಿ ಇದಕ್ಕಿಂತ ಉದ್ದದ ತೂಗುಸೇತುವೆ ಇರಲಿಲ್ಲ. ಇಷ್ಟು ದೊಡ್ಡ ಸೇತುವೆಗೆ ನಡೆಯುವವರಿಗಾಗಲಿ ಸೈಕಲ್‌ನವರಿಗಾಗಲಿ ಒಂದಡಿ ದಾರಿ ಬಿಟ್ಟಿಲ್ಲ. ಸಾಮಾನ್ಯ ದಿನಗಳಲ್ಲಿ ಕಾರಿನಲ್ಲೋ ಬಸ್ಸಿನಲ್ಲೋ ಕೂತೇ ದಾಟಬೇಕು. ಹಾಗಾಗಿ ಬ್ರೂಕ್ಲಿನ್‌ನಲ್ಲೇ ಹುಟ್ಟಿ ಬೆಳೆದವರು ಕೂಡ ಅವತ್ತು ಅರ್ಧ ಏರಿ ಸೈಕಲ್ ನಿಲ್ಲಿಸಿ ತಮ್ಮದೇ ಊರನ್ನು ಹೊಸದಾಗಿ ನೋಡುತ್ತಾರೆ. ಸಮುದ್ರದ ಗಾಳಿ ಪಕ್ಕದಿಂದ ತಳ್ಳುತ್ತದೆ, ಹ್ಯಾಂಡಲ್ ಬಿಗಿ ಹಿಡಿಯಬೇಕು, ತೊಡೆ ಉರಿಯುತ್ತಿರುತ್ತದೆ. ತುದಿ ಮುಟ್ಟಿ ಇಳಿಜಾರು ಸಿಕ್ಕಾಗ ಆಗುವ ಖುಷಿ ಬರೆದು ಹೇಳಲಿಕ್ಕಾಗದು. ಆಮೇಲೆ ಸ್ಟೇಟನ್ ಐಲ್ಯಾಂಡ್‌ನಿಂದ ಪುಕ್ಕಟೆ ದೋಣಿಯಲ್ಲಿ ಸೈಕಲ್ ಸಮೇತ ವಾಪಸ್.

ಇದಕ್ಕೆ ಶುಲ್ಕ ಇದೆ, ನೂರು ಡಾಲರ್ ದಾಟುತ್ತದೆ. ಕೂಲಿಯವರಿಗೆ ಅದು ಭಾರ, ಅದು ನನಗೆ ಸರಿ ಅನ್ನಿಸುವುದಿಲ್ಲ. ಆದರೆ ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನೂ ಹೇಳಬೇಕು. ಸವಾರಿ ನಡೆಸುವ ಬೈಕ್ ನ್ಯೂಯಾರ್ಕ್ ಲಾಭಕ್ಕಾಗಿ ಇರುವ ಸಂಸ್ಥೆಯಲ್ಲ. ಆ ಹಣದಿಂದ ಮಕ್ಕಳಿಗೂ ದೊಡ್ಡವರಿಗೂ ಉಚಿತವಾಗಿ ಸೈಕಲ್ ಕಲಿಸುತ್ತದೆ. ಐವತ್ತು ದಾಟಿದ ನಮ್ಮ ಕನ್ನಡದ ಅಕ್ಕ ಒಬ್ಬರು ಅಲ್ಲೇ ಕಲಿತರು, ಸೀರೆ ಉಟ್ಟುಕೊಂಡೇ ಬೆಳೆದವರು, ಹುಡುಗಿಯಾಗಿದ್ದಾಗ ಮನೆಯಲ್ಲಿ ಸೈಕಲ್ ಮುಟ್ಟಲು ಬಿಟ್ಟಿರಲಿಲ್ಲವಂತೆ. ಕಲಿಸುವ ರೀತಿ ನೋಡಿ ನನಗೆ ಆಶ್ಚರ್ಯವಾಯಿತು. ಮೊದಲು ಪೆಡಲ್‌ಗಳನ್ನೇ ಬಿಚ್ಚಿಬಿಡುತ್ತಾರೆ. ಸೀಟು ಇಳಿಸಿ, ಎರಡೂ ಪಾದ ನೆಲಕ್ಕೆ ತಾಗುವ ಹಾಗೆ ಕೂರಿಸಿ, ಕಾಲಿನಿಂದ ತಳ್ಳಿಕೊಂಡು ಹೋಗಿ ಅನ್ನುತ್ತಾರೆ. ತಳ್ಳುತ್ತಾ ತಳ್ಳುತ್ತಾ ಪಾದ ಎತ್ತಿದರೂ ಬೀಳುವುದಿಲ್ಲ ಅಂತ ಮೈಗೆ ಗೊತ್ತಾದ ಮೇಲೆ ಪೆಡಲ್ ಹಾಕಿಕೊಡುತ್ತಾರೆ. ಹಿಂದೆ ಯಾರೂ ಸೀಟು ಹಿಡಿದು ಓಡಬೇಕಿಲ್ಲ. ನಾವು ಹಳ್ಳಿಯಲ್ಲಿ ಅಪ್ಪನ ಎತ್ತರದ ಸೈಕಲ್‌ನ ಬಾರ್ ಕೆಳಗಿನಿಂದ ಕಾಲು ತೂರಿಸಿ, ಮಂಡಿ ತರಚಿಕೊಂಡು ಕಲಿತವರು. ಅದೂ ಒಂದು ಕಲಿಕೆಯೇ, ಆದರೆ ಅದರಲ್ಲಿ ರಸ್ತೆಯ ಪಾಠ ಇರಲಿಲ್ಲ. ಮುಖ್ಯವಾಗಿ ಹುಡುಗಿಯರಿಗೆ ಅದೂ ಸಿಗುತ್ತಿರಲಿಲ್ಲ.

ಈಗ ನಮ್ಮ ಮಾತಿಗೆ ಬರುತ್ತೇನೆ. ಕರ್ನಾಟಕ ಸರ್ಕಾರ 2006-07ರಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಬಹಳ ದೊಡ್ಡ ಕೆಲಸ ಅದು, ಮನಸಾರೆ ಹೇಳುತ್ತೇನೆ. ಪಕ್ಕದೂರಿನ ಹೈಸ್ಕೂಲಿಗೆ ಬಸ್ಸಿಲ್ಲ ಅಂತ ಮನೆಯಲ್ಲೇ ಉಳಿಯುತ್ತಿದ್ದ ಹುಡುಗಿಯರು ಸಾಲಾಗಿ ಸೈಕಲ್ ಮೇಲೆ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಕೋವಿಡ್ ಬಂದ ಮೇಲೆ ಆ ಯೋಜನೆ ನಿಂತಿತು. ಮತ್ತೆ ಕೊಡಬೇಕು ಅನ್ನುವ ಕೂಗು ಆಗಾಗ ಕೇಳುತ್ತದೆ, ಕೊಡಲೇಬೇಕು. ಆದರೆ ಕೊಟ್ಟ ಅಷ್ಟೂ ವರ್ಷ ನಾವು ಆ ಮಕ್ಕಳಿಗೆ ಕಬ್ಬಿನ ಟ್ರ್ಯಾಕ್ಟರ್, ಲಾರಿ, ಖಾಸಗಿ ಬಸ್ಸು ಓಡುವ ರಸ್ತೆಯಲ್ಲಿ ಹೇಗೆ ಹೋಗಬೇಕು ಅಂತ ಹೇಳಿಕೊಟ್ಟೆವಾ? ಕತ್ತಲಲ್ಲಿ ಹಿಂದಿನ ರಿಫ್ಲೆಕ್ಟರ್ ಯಾಕೆ ಬೇಕು, ತಿರುವಿನಲ್ಲಿ ಎಲ್ಲಿ ನಿಲ್ಲಬೇಕು, ಬ್ರೇಕ್ ವೈರ್ ಸಡಿಲವಾದರೆ ಹೇಗೆ ಬಿಗಿ ಮಾಡಬೇಕು? ಸೈಕಲ್ ಕೈಗೆ ಕೊಟ್ಟು ಫೋಟೋ ತೆಗೆಸಿಕೊಂಡು ಕಳಿಸಿದೆವು. ಉಳಿದದ್ದು ಮಗುವಿನ ಹಣೆಬರಹ.

ನಮ್ಮಲ್ಲಿ ಸೈಕಲ್ ಬಲ್ಲವರಿಗೆ ಬರವೇ ಇಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಿಂದ ರಾಷ್ಟ್ರಮಟ್ಟದ ಸೈಕ್ಲಿಸ್ಟ್‌ಗಳು ಎಷ್ಟೋ ವರ್ಷದಿಂದ ಬರುತ್ತಿದ್ದಾರೆ, ರೈತರ, ಕೂಲಿಯವರ ಮಕ್ಕಳು. ಅವರಲ್ಲಿ ಹಲವರು ಈಗ ತರಬೇತುದಾರರು, ರೈಲ್ವೆಯಲ್ಲೋ ಸೇನೆಯಲ್ಲೋ ಕೆಲಸದಲ್ಲಿರುವವರು, ರಜೆಗೆ ಊರಿಗೆ ಬರುವವರು. ಕೇಳಿದರೆ ಇಲ್ಲ ಅನ್ನುತ್ತಾರಾ? ಬೆಂಗಳೂರಿನಲ್ಲಿ 2013ರಿಂದ ಸೈಕಲ್ ಡೇ ಅಂತ ಬಡಾವಣೆಗಳಲ್ಲಿ ರಸ್ತೆ ಮುಚ್ಚಿ ಮಾಡಿದ ಅನುಭವವೂ ಇದೆ. ಅಂದರೆ ಗೊತ್ತಿಲ್ಲದ್ದೇನೂ ಅಲ್ಲ.

ನಾನು ಕೇಳುವುದು 32,000 ಜನರ ಮೇಳ ಅಲ್ಲ. ಜಿಲ್ಲೆಗೊಂದು, ವರ್ಷಕ್ಕೊಂದು ಭಾನುವಾರ, ಬೆಳಗ್ಗೆ ಆರರಿಂದ ಒಂಬತ್ತು, ಜಿಲ್ಲಾ ಕೇಂದ್ರದಲ್ಲಿ ಹತ್ತೋ ಹದಿನೈದೋ ಕಿಲೋಮೀಟರ್ ಸುತ್ತು. ಹೈಸ್ಕೂಲ್ ಮಕ್ಕಳು ಮುಂದೆ, ಊರಿನವರು ಹಿಂದೆ. ಮಕ್ಕಳಿಗೆ ಶುಲ್ಕ ಬೇಡವೇ ಬೇಡ. ಸವಾರಿಗೆ ಮೊದಲು ಆರು ವಾರ ಪಿ.ಟಿ. ಪಿರಿಯಡ್‌ನಲ್ಲಿ ಪಾಠ, ಶಾಲೆಯ ಮೈದಾನದಲ್ಲೇ. ಯಾರ ಹತ್ತಿರ ಸೈಕಲ್ ಇಲ್ಲವೋ ಅವರು ಗೆಳೆಯರದ್ದು ಹಂಚಿಕೊಂಡು ಕಲಿಯಲಿ. ಪಾಠ ಇಲ್ಲದೆ ಸವಾರಿ ಮಾತ್ರ ಇಟ್ಟರೆ ನನ್ನ ವಿರೋಧವಿದೆ, ಅದು ಟೀ ಶರ್ಟ್ ಹಂಚಿ, ಭಾಷಣ ಕೇಳಿಸಿ, ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸುವ ಕಾರ್ಯಕ್ರಮ ಆಗಿಬಿಡುತ್ತದೆ. ಅಂಥವು ನಮ್ಮಲ್ಲಿ ಈಗಾಗಲೇ ಜಾಸ್ತಿ ಇವೆ.

ರಸ್ತೆ ಮುಚ್ಚಿದರೆ ಜನ ಬೈಯುತ್ತಾರೆ ಅನ್ನಬಹುದು. ನ್ಯೂಯಾರ್ಕ್‌ನಲ್ಲೂ ಬೈಯುತ್ತಾರೆ. ಅದಕ್ಕೇ ಅಲ್ಲಿ ಯಾವ ರಸ್ತೆ ಎಷ್ಟು ಗಂಟೆಗೆ ಮುಚ್ಚುತ್ತದೆ, ಎಷ್ಟಕ್ಕೆ ತೆರೆಯುತ್ತದೆ ಅಂತ ಮೊದಲೇ ತಿಳಿಸುತ್ತಾರೆ. ಕೊನೆಯ ಸೈಕಲ್ ದಾಟಿದ ಕಡೆ ಹಿಂದಿನಿಂದಲೇ ರಸ್ತೆ ಬಿಡುತ್ತಾ ಬರುತ್ತಾರೆ, ತೀರಾ ಹಿಂದೆ ಬಿದ್ದವರನ್ನು ಗಾಡಿಗೆ ಹತ್ತಿಸಿಕೊಳ್ಳುತ್ತಾರೆ. ಆಂಬುಲೆನ್ಸ್‌ಗೆ ಯಾವಾಗಲೂ ದಾರಿ. ಖರ್ಚಿನ ಜಗಳವೂ ಅಲ್ಲಿ ಆಗಿದೆ. 2013ರಲ್ಲಿ ಪೊಲೀಸ್ ಬಂದೋಬಸ್ತಿಗೆ ಸುಮಾರು 10 ಲಕ್ಷ ಡಾಲರ್ ಕೊಡಿ ಅಂತ ಇಲಾಖೆ ಕೇಳಿತು, ಸಂಘಟಕರು ಕೋರ್ಟಿಗೆ ಹೋದರು, ಇದು ಸೇವಾ ಸಂಸ್ಥೆಯ ಕೆಲಸ ಅಂತ ತೀರ್ಪು ಅವರ ಕಡೆ ಬಂತು. ನಮ್ಮಲ್ಲಿ ಜಾತ್ರೆ, ಮೆರವಣಿಗೆ, ಮಂತ್ರಿಗಳ ರೋಡ್ ಶೋ ಅಂತ ದಿನಗಟ್ಟಲೆ ರಸ್ತೆ ಮುಚ್ಚುವ ಪೊಲೀಸರಿಗೆ ಮಕ್ಕಳಿಗಾಗಿ ಮೂರು ಗಂಟೆ ಮುಚ್ಚುವುದು ಕಷ್ಟ ಅಂತ ನಾನು ಒಪ್ಪುವುದಿಲ್ಲ.

ನಿಮ್ಮ ಪತ್ರಿಕೆಗೆ ಪ್ರತಿ ಜಿಲ್ಲೆಯಲ್ಲೂ ವರದಿಗಾರರಿದ್ದಾರೆ. ದಯವಿಟ್ಟು ಅವರಿಂದ ತಮ್ಮ ಜಿಲ್ಲೆಯ ಹೈಸ್ಕೂಲ್‌ಗಳ ಪಿ.ಟಿ. ಮೇಷ್ಟ್ರುಗಳನ್ನೂ ಮೇಡಂಗಳನ್ನೂ ಕೇಳಿಸಿ: ವಾರಕ್ಕೊಂದು ಪಿರಿಯಡ್ ಸೈಕಲ್ ಪಾಠಕ್ಕೆ ಕೊಡಲು ಆಗುತ್ತದೆಯೇ, ಆಗದಿದ್ದರೆ ಯಾಕೆ ಆಗುವುದಿಲ್ಲ? ಬಂದ ಉತ್ತರಗಳನ್ನು ಹೆಸರು ಹಾಕದಿದ್ದರೂ ಪರವಾಗಿಲ್ಲ, ಪ್ರಕಟಿಸಿ. ಪಾಠಕ್ಕೆ ಬೇಕಾದ ಪಟ್ಟಿ, ಪೆಡಲ್ ಬಿಚ್ಚಿ ಕಲಿಸುವ ಕ್ರಮ, ಕೈಸನ್ನೆಗಳು, ಇವನ್ನೆಲ್ಲ ಕನ್ನಡದಲ್ಲಿ ಬರೆದುಕೊಡಲು ನಾನು ತಯಾರಿದ್ದೇನೆ. ಡಿಸೆಂಬರ್ ರಜೆಗೆ ಊರಿಗೆ ಬರುತ್ತೇನೆ, ಯಾವ ಶಾಲೆ ಕರೆದರೂ ಸ್ಪ್ಯಾನರ್ ಹಿಡಿದುಕೊಂಡು ಬರುತ್ತೇನೆ.

ಇತಿ,
ನಿಮ್ಮ ಓದುಗರಲ್ಲೊಬ್ಬಳು
ಎಡಿಸನ್, ನ್ಯೂಜೆರ್ಸಿ (ಊರು: ಬಾಗಲಕೋಟೆ ಜಿಲ್ಲೆ)